ನೀಲಿ ಶರ್ಟಿನ ಜೇಬಿನಲ್ಲಿ ಸಿಕ್ಕಿದ್ದು

ರೀ,

ಮಲಗಿದ್ದೀರೆಂದು ಎಬ್ಬಿಸಲಿಲ್ಲ. ಲಾಂಡ್ರಿಗೆ ಹೊರಟೆ. ಕಾಳು ಬೇಯಿಸಿಟ್ಟಿದ್ದೇನೆ, ತಿನ್ನಿ. ಸಿಂಕಿಗೆ ಸುರಿಯಬೇಡಿ. ಮೊನ್ನೆ ಪೈಪು ಕಟ್ಟಿಕೊಂಡಾಗಲೇ ನಿಮ್ಮ ಕಿತಾಪತಿ ಗೊತ್ತಾಯಿತು.

ಊರವರ ಜೇಬೆಲ್ಲ ತಡಕಿ ಬಟ್ಟೆ ನೆನೆಹಾಕುವವಳು ನಾನು. ನಿಮ್ಮ ನೀಲಿ ಶರ್ಟನ್ನು ಬಿಡುತ್ತೇನೆಯೇ? ಆ್ಯಂಟಿಬಯೋಟಿಕ್ ಮಾತ್ರೆಯ ಖಾಲಿ ಪಟ್ಟಿ ಸಿಕ್ಕಿತು. ನನ್ನ ಹಲ್ಲುನೋವಿಗೆ ತಂದು ಉಳಿದಿತ್ತಲ್ಲ, ಅದೇ.

ನಿನ್ನೆ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ಕ್ಯಾನ್ಸರ್ ಗಡ್ಡೆ ಇನ್ನೂ ಬೆಳೆದಿದೆ ಎಂದ ಮೇಲೆ ಕೇಳಿದ್ದೂ ಇದನ್ನೇ. "ಇಮ್ಯುನೋಥೆರಪಿ ಶುರುವಾದಾಗ ಆ್ಯಂಟಿಬಯೋಟಿಕ್ ಏನಾದ್ರೂ ತಗೊಂಡಿದ್ರಾ? ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ ಸತ್ರೆ, ಮೈಯ ರೋಗನಿರೋಧಕ ಶಕ್ತೀನ ಗಡ್ಡೆ ಮೇಲೆ ಎಬ್ಬಿಸೋ ಈ ಔಷಧಿ ಎಷ್ಟೋ ಜನಕ್ಕೆ ನಾಟೋದಿಲ್ಲ." ನೀವು ನನ್ನ ಮುಖ ನೋಡುತ್ತಲೇ, ಇಲ್ಲವೆಂದು ತಲೆಯಾಡಿಸಿದಿರಿ.

ನಮ್ಮ ಪರವಾಗಿ ಹೊಡೆದಾಡಬೇಕಿದ್ದವರನ್ನೇ ಹೊಟ್ಟೆಯಿಂದ ಒಕ್ಕಲೆಬ್ಬಿಸಿ ಕೂತಿದ್ದೀರಿ. ಆ ಬ್ಯಾಕ್ಟೀರಿಯಾಗಳಿಗೆ ನಾರಿನಂಶ ಬೇಕೆಂದು ದಿನಾ ಕಾಳು ಬೇಯಿಸುತ್ತೇನೆ. ಒಳಗೆ ತಿನ್ನಲು ಯಾರು ಉಳಿದಿದ್ದಾರೋ ಕಾಣೆ. ಮಾತ್ರೆಯಿಂದಲೇ ಹೀಗಾಯಿತೆಂದು ಯಾರೂ ಖಚಿತವಾಗಿ ಹೇಳಲಾರರು, ನಿಜ. ಆದರೂ ಆ ಪಟ್ಟಿಯನ್ನು ಕಸಕ್ಕೆ ಎಸೆಯಲಾಗಲಿಲ್ಲ.

ಪಟ್ಟಿ ಫೋನಿನ ಪಕ್ಕದಲ್ಲಿದೆ. ಮಾತ್ರೆಯ ಹೆಸರು ಓದಿ, ಡಾಕ್ಟರಮ್ಮನಿಗೆ ನೀವೇ ಹೇಳಿ. ನನ್ನ ಹತ್ತಿರ ಬೇಕಾದಷ್ಟು ಸುಳ್ಳು ಹೇಳಿಕೊಳ್ಳಿ, ಅವರ ಹತ್ತಿರ ಬೇಡ.

ಯಾಕೆ ನುಂಗಿದಿರೆಂದು ಕೇಳುವುದಿಲ್ಲ. ಚಿಕಿತ್ಸೆ ಶುರುವಾದ ವಾರದ ನಿಮ್ಮ ಕೆಮ್ಮಿಗೆ ನನ್ನ ನಿದ್ದೆ ಕೆಡಬಾರದೆಂದು, ಅಷ್ಟೇ ತಾನೆ? ಕೆಮ್ಮು ನಿಂತಿತು. ನಿದ್ದೆ ಮಾತ್ರ ಬರಲಿಲ್ಲ. ಉಸಿರಾಡುತ್ತಿದ್ದೀರೋ ಇಲ್ಲವೋ ಎಂದು ಕತ್ತಲಲ್ಲಿ ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ.

ಇನ್ನು ಕೆಮ್ಮು ಬಂದರೆ ಕೆಮ್ಮಿಬಿಡಿ. ಪಕ್ಕದಿಂದ ಸದ್ದು ಬರುತ್ತಿದ್ದರೆ ಸಾಕು ನನಗೆ.