ಬೆನ್ನಿಗೆಂದು ಹೊಲಿದ ಸೀಟು

ಅಂಗಡಿಯ ಮೇಲಿನ ಕೋಣೆ,
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ರೀ,

ಹೇಗಿದ್ದೀರಿ? ಎಂಜಿನ್ ರೂಮಿನ ಶಾಖಕ್ಕೆ ಮೊಣಕೈ ಮೇಲೆ ಎದ್ದಿದ್ದ ಬೊಕ್ಕೆ ಒಣಗಿತೇ? ಹಡಗಿನ ಅಡುಗೆಯವನಿಗೆ ಉಪ್ಪಿನ ಡಬ್ಬಿ ಸಿಕ್ಕಿತೇ, ಇಲ್ಲ ಸುತ್ತಲೂ ಬೇಕಾದಷ್ಟಿದೆಯಲ್ಲ ಎಂದು ಇನ್ನೂ ಸುಮ್ಮನಿದ್ದಾನೋ? ಇಲ್ಲಿ ಎಲ್ಲರೂ ಕ್ಷೇಮ. ಮಾವನಿಗೆ ಕೆಮ್ಮು ಹೋಗಿದೆ, ಅತ್ತೆಗೆ ಕಟ್ಟಿದ್ದ ದನಿ ಬಂದಿದೆ. ಹೋದದ್ದು ನಮಗಷ್ಟೇ ಗೊತ್ತು, ಬಂದದ್ದು ಇಡೀ ಬೀದಿಗೆ ಗೊತ್ತು. ನನಗೆ ಮಂಡಿ ನೋವು, ಮೀನಖಂಡ ನೋವು, ಮೂಗು ಬಿಸಿಲಿಗೆ ಸುಲಿದಿದೆ. ಆದರೂ ಇಷ್ಟು ಖುಷಿಯಾಗಿ ನಾನು ಕುಂಟಿದ್ದು ಇದೇ ಮೊದಲು. ಯಾಕೆಂದು ಹೇಳುತ್ತೇನೆ. ಊಟ ಮಾಡುತ್ತಾ ಓದಬೇಡಿ, ನೆತ್ತಿಗೆ ಹತ್ತೀತು.

ನೀವು ಹೋದ ಮೇಲೆ ಭಾನುವಾರದ ಸೈಕಲ್ ಗುಂಪಿಗೆ ಸೇರಿದೆ ಎಂದು ಬರೆದಿದ್ದೆನಲ್ಲ. ಬರೆಯದೆ ಬಿಟ್ಟದ್ದು ಇದು: ಅಣೆಕಟ್ಟಿನ ತನಕ ಹೋಗಿ ಬರುವ ನೂರು ಕಿಲೋಮೀಟರಿನ ಸವಾರಿಗೆ ಎರಡು ಸಲ ಹೊರಟು, ಎರಡು ಸಲವೂ ಅರ್ಧದಲ್ಲಿ ಇಳಿದು, ಸೈಕಲ್ಲನ್ನು ಹಾಲಿನ ವ್ಯಾನಿಗೆ ಹಾಕಿಕೊಂಡು ಮನೆಗೆ ಬಂದೆ. ಕಾಲು ಸೋಲಲಿಲ್ಲ, ಉಸಿರು ಸೋಲಲಿಲ್ಲ. ಸೋತದ್ದು ಕೂರುವ ಜಾಗ. ಗುಂಪಿನ ಯಜಮಾನಿ ಡ್ರಿಲ್ ಟೀಚರ್. ಅವರ ಬಾಯಿಯಲ್ಲಿ ಸೀಟಿ ಇಲ್ಲದಿದ್ದರೂ ಇದ್ದ ಹಾಗೇ ಕೇಳಿಸುತ್ತದೆ. "ನೋಡಮ್ಮಾ, ಮೂರನೇ ಸಲವೂ ಇಳಿದ್ರೆ ಪಾರ್ಕ್ ಸುತ್ತೋರ ಜೊತೆ ಸೇರ್ಕೋ. ಅಲ್ಲಿ ಸುಸ್ತಾದೋರಿಗೆ ಬೆಂಚಿದಾವೆ" ಎಂದರು. ಅವತ್ತು ರಾತ್ರಿ ಊಟ ಸೇರಲಿಲ್ಲ. ಈ ವಯಸ್ಸಿನಲ್ಲಿ ಒಂದು ಕೆಲಸ ನಾನಾಗೇ ಹಿಡಿದಿದ್ದೆ, ಅದಕ್ಕೂ ಬೆಂಚೇ ಗತಿಯಾಯಿತಲ್ಲ ಎಂದು.

ನಮ್ಮ ಮನೆಯಲ್ಲಿ ಒಬ್ಬರು ಕೂತರೆ ನೋವು ಎನ್ನುವುದು ಮಾವನ ಮರ್ಯಾದೆಯ ಪ್ರಶ್ನೆ ಎಂದು ನಿಮಗೆ ಬೇರೆ ಹೇಳಬೇಕೆ? ಊರಿನ ಅರ್ಧ ಸೋಫಾಗಳು, ಥಿಯೇಟರಿನ ಬಾಲ್ಕನಿ, ಹಲ್ಲಿನ ಡಾಕ್ಟರ ಕುರ್ಚಿ, ಎಲ್ಲ ಅವರ ಕೈಯಲ್ಲೇ ಮೆತ್ತಗಾದದ್ದು. ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದು, "ಎಲ್ಲಿ ನೋವಮ್ಮಾ?" ಎಂದು ಕೇಳಿದರು. ಮಾವನ ಮುಂದೆ ಏನೆಂದು ಹೇಳಲಿ? "ಬೆನ್ನು" ಎಂದೆ. ಮಾವ ಬೆನ್ನಿಗೆಂದು ಸೈಕಲ್ ಸೀಟಿನ ಮೇಲೆ ಒಂದು ಪದರ ಸ್ಪಂಜು ಇಟ್ಟು, ಕೆಂಪು ರೆಕ್ಸಿನ್ ಹಾಕಿ, ಜೋಡಿ ಹೊಲಿಗೆ ಹೊಲಿದು ಕೊಟ್ಟರು. ಮುಂದಿನ ವಾರ, "ಈಗ ಹೇಗಿದೆ?" ಎಂದರು. "ಸ್ವಲ್ಪ ಕೆಳಗಿಳಿದಿದೆ ಮಾವ" ಎಂದೆ. "ಸೊಂಟಕ್ಕಾ?" "ಹ್ಞೂಂ." ಸೊಂಟಕ್ಕೆ ಇನ್ನೊಂದು ಪದರ ಬಂತು. ನಿಜ ಹೇಳಲು ಇನ್ನೂ ಒಂದು ಗೇಣು ಬಾಕಿ ಇತ್ತು. ಆ ಗೇಣು ಇಳಿಯಲು ನನಗೆ ಧೈರ್ಯ ಬರಲಿಲ್ಲ. ಸೀಟು ನೋಡಿದವರು ಸೈಕಲ್ಲಿಗೆ ದಿಂಬು ಕಟ್ಟಿದ್ದಾರೆ ಎಂದುಕೊಳ್ಳುತ್ತಿದ್ದರು. ಕೂತರೆ ನಾನು ಒಳಗೆ, ಸ್ಪಂಜು ನಡುವೆ ಉಬ್ಬಿ ಮೇಲೆ; ತೊಡೆ ಎರಡೂ ಉಜ್ಜಿ ಉರಿ. ಗಾದಿ ಬೆಳೆದಷ್ಟೂ ಹಾದಿ ಮೊಟಕಾಯಿತು. ಪಾಪ, ಮಾವ ಮಾತ್ರ ಮೂರನೆಯ ಪದರಕ್ಕೆ ಅಳತೆ ತೆಗೆಯುತ್ತಿದ್ದರು.

ಕಡೆಗೆ ಕಾಪಾಡಿದ್ದು ಅತ್ತೆಯ ಹೊಸ ದನಿ. ಹಲ್ಲಿನ ಡಾಕ್ಟರು ತಮ್ಮ ಕುರ್ಚಿಗೆ ಬಟ್ಟೆ ಆರಿಸುತ್ತಾ ನಿಂತಿದ್ದರು, ಅತ್ತೆ ಮೆಟ್ಟಿಲ ಮೇಲಿಂದಲೇ, "ರೀ, ಅವಳ ಬೆನ್ನೂ ಚೆನ್ನಾಗಿದೆ, ಸೊಂಟಾನೂ ಚೆನ್ನಾಗಿದೆ! ನೋವಿರೋದು ಕೂರೋ ಜಾಗದಲ್ಲಿ. ಅವಳು ನಾಚ್ಕೊಂಡು ಸಾಯ್ತಿದಾಳೆ, ನೀವು ಸ್ಪಂಜು ತುರುಕ್ತಾನೇ ಇದೀರ!" ಎಂದುಬಿಟ್ಟರು. ಡಾಕ್ಟರು ನಮ್ಮ ಸೂರನ್ನು ಹುಳುಕು ಹಲ್ಲು ನೋಡುವ ಹಾಗೆ ನೋಡತೊಡಗಿದರು. ನಾನು ರೆಕ್ಸಿನ್ ಸುರುಳಿಗಳ ಹಿಂದೆ ಸೇರಿಕೊಂಡೆ. ಮಾವ ಕತ್ತರಿ ಕೆಳಗಿಟ್ಟರು. "ಅಲ್ಲಮ್ಮಾ, ಮೊದಲೇ ಹೇಳಬಾರ್ದಾ? ನಲವತ್ತು ವರ್ಷದಿಂದ ನಾನು ಇನ್ಯಾವ ಜಾಗಕ್ಕೆ ಹೊಲಿದಿದೀನಿ ಅಂದ್ಕೊಂಡೆ?" ಎಂದರು. ಡಾಕ್ಟರೇ ಮೊದಲು ನಕ್ಕದ್ದು.

ಆಮೇಲೆ ನಾಚಿಕೆಗೆ ಜಾಗವೇ ಉಳಿಯಲಿಲ್ಲ. ಡ್ರಿಲ್ ಟೀಚರು ಹೇಳಿಕೊಟ್ಟಂತೆ, ಪಾರ್ಸಲ್ ಡಬ್ಬದ ಅಲೆಅಲೆ ರಟ್ಟನ್ನು ಮರದ ಸ್ಟೂಲಿನ ಮೇಲೆ ಹಾಕಿ ಕೂತು ಎದ್ದೆ. ರಟ್ಟಿನಲ್ಲಿ ಎರಡು ಗುಳಿ. ಅವು ಕೂರುವ ಮೂಳೆಗಳ ಗುರುತು, ಭಾರವೆಲ್ಲ ಆ ಮೂಳೆಗಳ ಮೇಲೆ ನಿಲ್ಲಬೇಕು, ಸೀಟಿನ ಹಿಂಭಾಗ ಆ ಅಗಲಕ್ಕೆ ಹೊಂದಬೇಕು. ಮಾವ ಗುಳಿಗಳ ಅಂತರವನ್ನು ಟೇಪಿನಲ್ಲಿ ಅಳೆದು ನೋಡಿದರು. "ಸೋಫಾದ ಮೇಲೆ ಜನ ಸುಮ್ನೆ ಕೂತಿರ್ತಾರೆ. ನೀನು ತುಳೀತಿರ್ತೀಯ. ನಾನು ಅದನ್ನ ಯೋಚ್ನೆ ಮಾಡ್ಲಿಲ್ಲ" ಎಂದು ಹೇಳಿ, ತಮ್ಮದೇ ಜೋಡಿ ಹೊಲಿಗೆಯನ್ನು ತಾವೇ ಬಿಚ್ಚಿದರು. ಆ ಕೆಂಪು ರೆಕ್ಸಿನ್ ಕಳಚುವಾಗ ನನಗೇ ಅಯ್ಯೋ ಅನ್ನಿಸಿತು, ಅವರು ಮಾತ್ರ ಶಿಳ್ಳೆ ಹಾಕುತ್ತಿದ್ದರು. ಹೊರಗಿನ ಸೀಟೊಂದು ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ. ಅಂಥ ಮನೆಯ ಮಾವ ನನ್ನ ಜೊತೆ ಸೈಕಲ್ ಅಂಗಡಿಗೆ ಬಂದು, ಒಂದೊಂದೇ ಸೀಟನ್ನು ಮಾವಿನಹಣ್ಣು ನೋಡುವಂತೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ಅಂಗಡಿಯವನು ಒಂದು ದಪ್ಪನೆಯದನ್ನು ತೆಗೆದು, "ಯಜಮಾನ್ರೇ, ಇದು ಬೆಣ್ಣೆ" ಎಂದ. ಮಾವ, "ಬೆಣ್ಣೆ ಮೇಲೆ ಕೂರ್ಸಿ ಸಾಕಾಗಿದೆ. ಗಟ್ಟಿ ಇರೋದು ತೋರ್ಸಪ್ಪ" ಎಂದರು. ಕಡೆಗೆ ಆರಿಸಿದ್ದು ಮೂತಿ ಸಣ್ಣ, ಹಿಂದೆ ನನ್ನ ಅಳತೆ, ನಡುವೆ ಒಂದು ಕಾಲುವೆ, ಮುಟ್ಟಿದರೆ ಹಲಗೆ. ಮೊದಲ ಕೆಲವು ದಿನ ಆ ಹಲಗೆಯನ್ನೂ ಬೈದೆ. ಆದರೆ ದಿನಾ ಸಂಜೆ ಮಾವ ಸ್ಪ್ಯಾನರ್ ಹಿಡಿದು ಕಾಯುತ್ತಿದ್ದರು, ನಾನೂ ಈಗ ಸಂಕೋಚವಿಲ್ಲದೆ, "ಮೂತಿ ಒತ್ತುತ್ತೆ ಮಾವ", "ಎಡಗಡೆ ಮೂಳೆ ಮಾವ" ಎಂದು ವರದಿ ಒಪ್ಪಿಸುತ್ತಿದ್ದೆ. ಮೂತಿ ಕೂದಲೆಳೆಯಷ್ಟು ಇಳಿಯಿತು, ಸೀಟು ಎರಡು ಬೆರಳು ಹಿಂದೆ ಸರಿಯಿತು. ಒಂದು ದಿನ ಮನೆಗೆ ಬಂದವಳಿಗೆ ಹೇಳಲು ಏನೂ ಇರಲಿಲ್ಲ. ಮಾವನಿಗೆ ಸ್ವಲ್ಪ ಬೇಜಾರೇ ಆಯಿತು ಎನ್ನಿ.

ಇವತ್ತು ಮೂರನೇ ಸಲ. ಎರಡು ಸಲವೂ ನಾನು ಇಳಿದಿದ್ದ ತಿರುವು ಬಂತು. ಹಾಲಿನ ವ್ಯಾನಿನವನು ಅಭ್ಯಾಸಬಲದಿಂದ ವ್ಯಾನು ನಿಲ್ಲಿಸಿ, ಇಳಿದು ಹಿಂದಿನ ಬಾಗಿಲನ್ನೂ ತೆಗೆದ! ನಾನು ಕೈ ಬೀಸಿ ಮುಂದೆ ಹೋದೆ. ಅಣೆಕಟ್ಟು ಬಂತು, ನೀರು ಕಂಡಿತು, ವಾಪಸು ಬರುವಾಗ ಎದುರು ಗಾಳಿ, ಏರು ದಾರಿ. ಎದ್ದು ನಿಂತು ತುಳಿದೆ, ಕೂತು ತುಳಿದೆ, ಬೈದು ತುಳಿದೆ, ಹಾಡಿ ತುಳಿದೆ. ಡ್ರಿಲ್ ಟೀಚರು, "ಟೀ ಕುಡಿಯೋಕಾದ್ರೂ ಇಳೀತೀಯೋ ಇಲ್ವೋ?" ಎಂದು ಬೈದಾಗ ಅದಕ್ಕಿಂತ ಸಿಹಿಯಾದ ಬೈಗುಳ ಕೇಳಿದ್ದೇ ಇಲ್ಲ ಅನ್ನಿಸಿತು. ಮಾವ ಅಂಗಡಿ ಬಾಗಿಲಲ್ಲೇ ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ನೇರವಾಗಿ ಸೀಟು ಮುಟ್ಟಿ ನೋಡಿದರು. ಆಮೇಲೆ ಪಕ್ಕದ ಟೈಲರಿಗೆ ಕೇಳುವಂತೆ, "ನೂರು ಕಿಲೋಮೀಟರ್! ಸೀಟು ನನ್ನದಲ್ಲ. ಸೊಸೆ ನನ್ನವಳು" ಎಂದರು. ರೀ, ನಮ್ಮ ಮದುವೆಯಾದಾಗಿನಿಂದ ಅವರು ತಮ್ಮದಲ್ಲದ ಸೀಟನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ. ಧೂಳಿತ್ತು ಎಂದಿಟ್ಟುಕೊಳ್ಳಿ.

ಅತ್ತೆ ಮಾವ ಆಶೀರ್ವಾದ ತಿಳಿಸಿದ್ದಾರೆ. ಅತ್ತೆ ತಿಳಿಸಿದ್ದು ನಿಮಗೆ ಅಲ್ಲಿಗೇ ಕೇಳಿಸಿರಬಹುದು. ರಾತ್ರಿ ಪಾಳಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ನೀರು ಕುಡಿಯಿರಿ, ನಿದ್ದೆ ಕೆಡಬೇಡಿ.

ಇಂತಿ,
ನಿಮ್ಮ ಅರ್ಧಾಂಗಿ

ತಾ.ಕ. (ಸೋಮವಾರ ಬೆಳಿಗ್ಗೆ): ಅಂಚೆಯ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ನಿಮ್ಮ ಹಡಗು ಬಂದಾಗ ನಿಮ್ಮನ್ನು ಕರೆದುಕೊಳ್ಳಲು ನಾನು ಬಸ್ಸಿನಲ್ಲಿ ಬರುವುದಿಲ್ಲ, ಸೈಕಲ್ಲಿನಲ್ಲೇ ಬರುತ್ತೇನೆ. ಎರಡು ದಿನದ ದಾರಿ, ಡ್ರಿಲ್ ಟೀಚರೂ ಜೊತೆಗಿದ್ದಾರೆ, ಮಾವ ಒಪ್ಪಿದ್ದಾರೆ. ಬೇಡ ಎಂದು ಬರೆಯಬೇಡಿ, ನಿಮ್ಮ ಕಾಗದ ಇಲ್ಲಿಗೆ ತಲುಪುವ ಹೊತ್ತಿಗೆ ನಾನು ಹೊರಟಾಗಿರುತ್ತದೆ. ವಾಪಸು ಬರುವಾಗ ಪೆಟ್ಟಿಗೆಗಳ ಜೊತೆ ನೀವು ಬಸ್ಸಿಗೆ ಬನ್ನಿ. ಬಂದರಿನ ಗೇಟಿನ ಹತ್ತಿರ ಮೈಯೆಲ್ಲ ಧೂಳಾದ ಹೆಂಗಸೊಬ್ಬಳು ಸೈಕಲ್ ಹಿಡಿದು ನಿಂತಿದ್ದರೆ ಅದು ನಾನೇ. ಓಡಿ ಬನ್ನಿ, ಏನು ಬೇಕಾದರೂ ಹೇಳಿ, ಕೂತ್ಕೋ ಅಂತ ಮಾತ್ರ ಹೇಳಬೇಡಿ.