ಚಿಪ್ಪು ಕೊಯ್ಯಬೇಡಿ

ಫೆಬ್ರುವರಿ 6

ಬೆಳಗ್ಗೆಯಿಂದ ಸೂಜಿ ಹಿಡಿದು ಕಲ್ಲಾಗಿಹೋದ ಒಂದೇ ಸಮುದ್ರಚಿಪ್ಪಿನ ಮಣ್ಣು ಬಿಡಿಸಿದ್ದು. ಕುತ್ತಿಗೆ ಹಿಡಿದುಕೊಂಡಿದೆ. ವಿಭಾಗದ ಇನ್ನೊಬ್ಬ ಪ್ರೊಫೆಸರ್, ನಾನು ಗಡ್ಡ ಎಂದು ಕರೆಯುವವನು, ಎರಡು ಸಲ ಬಂದು ಇಣುಕಿದ. ಏನು ಬೇಕಿತ್ತು ಎಂದರೆ, ಏನಿಲ್ಲ ಮೇಡಂ, ಸುಮ್ನೆ... ಪಕ್ಕದ ಗರಗಸದ ಕೋಣೆಯಲ್ಲಿ ಇಷ್ಟು ವರ್ಷ ಕಲ್ಲು ಕೊಯ್ದುಕೊಂಡಿದ್ದವನು ಸುಮ್ಮನೆ ಬರುವ ಪೈಕಿ ಅಲ್ಲ.

ಜೂನ್‌ನಲ್ಲಿ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗುತ್ತದೆ. ಸಾಲಿನಲ್ಲಿ ನಾನಿದ್ದೇನೆ, ಅವನಿದ್ದಾನೆ. ಆ ಸುದ್ದಿ ಬಂದಾಗಿನಿಂದ ಅವನ ನಮಸ್ಕಾರಕ್ಕೂ ಬೆಣ್ಣೆ ಹಚ್ಚಿದ ಹಾಗಿದೆ.

ಫೆಬ್ರುವರಿ 9

ಜರ್ನಲ್‌ನಿಂದ ಮೇಲ್. ಪೇಪರ್ ಒಪ್ಪಿದ್ದಾರೆ! ಕೂತಲ್ಲೇ ಒಂದು ನಿಮಿಷ ಕಣ್ಣು ಮುಚ್ಚಿಕೊಂಡೆ. ನಾವು ಅಗೆಯುವ ಬೆಟ್ಟದ ಒಂದನೇ ಪದರ, ಎಂದರೆ ಎಲ್ಲಕ್ಕಿಂತ ಕೆಳಗಿನದು. ಕೆಳಗಿನದು ಎಂದರೆ ಎಲ್ಲಕ್ಕಿಂತ ಹಳೆಯದು. ಅದರಲ್ಲಿ ನನ್ನ ಚಿಪ್ಪು. ಆ ವಂಶದ ಮೊಟ್ಟಮೊದಲ ಜೀವಿ. ಅರ್ಧ ಆಯಸ್ಸು ಇದಕ್ಕೇ ಸುರಿದಿದ್ದೇನೆ. ಮದುವೆ, ಮನೆ ಯಾವುದೂ ನೆನಪಾಗದಷ್ಟು.

ಒಂದು ಷರತ್ತು. ಒಂದು ಚಿಪ್ಪನ್ನು ಕೊಯ್ದು ಒಳಗಿನ ಫೋಟೋ ಹಾಕಬೇಕಂತೆ. ಮಾರ್ಚ್ ಹತ್ತರೊಳಗೆ.

ನಮ್ಮ ಲ್ಯಾಬಿನಲ್ಲಿ ಇಡೀ ಚಿಪ್ಪನ್ನು ಯಾರೂ ಕೊಯ್ಯುವುದಿಲ್ಲ. ಮೇಷ್ಟ್ರ ನಿಯಮ. ನನಗೆ ಪಿಎಚ್‌ಡಿ ಮಾಡಿಸಿದವರು, ಆ ಬೆಟ್ಟದ ಪದರಗಳಿಗೆ ಒಂದರಿಂದ ಒಂಬತ್ತರವರೆಗೆ ನಂಬರ್ ಕೊಟ್ಟವರು. ಮೊದಲ ದಿನವೇ ಹೇಳಿದ್ದರು, ಚಿಪ್ಪು ಕೊಯ್ಯಬೇಡಿ, ಕೋಟ್ಯಂತರ ವರ್ಷ ಇಡಿಯಾಗಿ ಉಳಿದದ್ದು ನಿಮ್ಮ ಕೈಯಲ್ಲಿ ತುಂಡಾಗಬಾರದು. ಎಷ್ಟು ಚೆನ್ನಾಗಿ ಹೇಳಿದ್ದರೆಂದರೆ, ಮರುಪ್ರಶ್ನೆ ಯಾರಿಗೂ ಹೊಳೆಯಲಿಲ್ಲ.

ಕೊಯ್ಯಿರಿ ಎಂದು ಕೇಳುವ ಬುದ್ಧಿ ಜರ್ನಲ್ ಪರವಾಗಿ ಪೇಪರ್ ಓದಿದ ಆ ವಿಮರ್ಶಕನಿಗೆ ಯಾರು ಕೊಟ್ಟರೋ. ಹೋದ ಕಾನ್ಫರೆನ್ಸಿನಲ್ಲಿ ಗಡ್ಡ ಯಾರ ಯಾರ ಜೊತೆಗೋ ಟೀ ಕುಡಿಯುತ್ತಿದ್ದ.

ಫೆಬ್ರುವರಿ 14

ಮನಸ್ಸಿಲ್ಲದೆ ಒಂದನ್ನು ಗಡ್ಡನ ಕೈಗೆ ಕೊಟ್ಟೆ. ಕೊಯ್ದು, ಉಜ್ಜಿ, ಹೊಳಪು ಮಾಡಿ ತಂದ. ಲೆನ್ಸ್ ಇಟ್ಟು ನೋಡಿದೆ. ಕಲ್ಲು ತಿರುಗಿಸಿ ಮತ್ತೆ ನೋಡಿದೆ.

ಸತ್ತ ಚಿಪ್ಪು ಸಮುದ್ರದ ತಳದಲ್ಲಿ ಬೀಳುತ್ತದೆ. ಒಳಗೆ ಕೆಸರು ಹೊಕ್ಕು ಕೆಳಭಾಗದಲ್ಲಿ ಸಮವಾಗಿ ಕೂರುತ್ತದೆ, ಲೋಟದಲ್ಲಿ ನೀರು ಕೂತ ಹಾಗೆ. ಮೇಲಿನ ಖಾಲಿ ಜಾಗದಲ್ಲಿ ಆಮೇಲೆ ಬಿಳಿ ಹರಳು ತುಂಬುತ್ತದೆ. ಕೆಸರು ಕೆಳಗೆ, ಬಿಳಿ ಮೇಲೆ. ಇದು ತಪ್ಪುವುದಿಲ್ಲ. ಕಲ್ಲನ್ನು ಬೆಟ್ಟದಿಂದ ಕೀಳುವ ಮೊದಲು ಆಕಾಶ ಯಾವ ಕಡೆ ಎಂದು ಕೆಂಪು ಬಣ್ಣದಲ್ಲಿ ಬಾಣ ಬರೆಯುತ್ತೇವೆ. ಈ ಬಾಣ ನಾನೇ ಬರೆದದ್ದು.

ಬಾಣದ ತುದಿಯ ಕಡೆಗೆ ಕೆಸರಿದೆ. ಬಿಳಿ ಕೆಳಗಿದೆ.

ಬಾಣವನ್ನು ಯಾರೋ ಅಳಿಸಿ ತಿರುಗಿಸಿ ಬರೆದಿದ್ದಾರೆ. ಯಾರೋ ಏನು, ಮಧ್ಯದಲ್ಲಿ ಈ ಕಲ್ಲು ಮುಟ್ಟಿದವನು ಒಬ್ಬನೇ.

ಫೆಬ್ರುವರಿ 15, ಮಧ್ಯಾಹ್ನ

ಕೇಳಿಯೇಬಿಟ್ಟೆ. ಅವನು ಟವೆಲಿನಲ್ಲಿ ಕೈ ಒರೆಸುತ್ತಾ ನಿಂತಿದ್ದ.

“ನಾನ್ಯಾಕೆ ಬಾಣ ತಿರುಗಿಸ್ಲಿ ಮೇಡಂ? ನಂಗೇನು ಸಿಗುತ್ತೆ ಅದ್ರಲ್ಲಿ?”

ಕುರ್ಚಿ ಎಂದೆ. ಅವನು ಟವೆಲ್ ಮಡಚಿ ಇಟ್ಟ. ಜಗಳ ಆಡಿದ್ದರೆ ಚೆನ್ನಾಗಿತ್ತು. ಗರಗಸದ ಕೋಣೆಯ ಕೀಲಿ ಇಸಿದುಕೊಂಡೆ. ಕೊಟ್ಟ. ಅಷ್ಟು ಸಲೀಸಾಗಿ ಕೊಟ್ಟದ್ದೇ ಅನುಮಾನಕ್ಕೆ ಎಡೆ.

ಫೆಬ್ರುವರಿ 17

ಅಕ್ಕನಿಗೆ ಹೇಳಬಾರದಿತ್ತು. ಹೆಡ್‌ಮಿಸ್ಟ್ರೆಸ್ ಕೆಲಸದಿಂದ ರಿಟೈರ್ ಆದರೂ ಮನೆಯಲ್ಲಿ ಇನ್ನೂ ಕ್ಲಾಸು ನಡೆಸುತ್ತಾಳೆ. ಟೊಮೇಟೊ ಹೆಚ್ಚುತ್ತಾ ಎಲ್ಲ ಕೇಳಿದಳು. ನೀನು ಹಾಲಿಗೆ ನೀರು ಬೆರೆಸುತ್ತಾನೆಂದು ಹಾಲಿನವನನ್ನು ಬಿಡಿಸಿದೆ, ಮೀಟರ್ ಓಡಿಸುತ್ತಾನೆಂದು ಕರೆಂಟಿನವನ ಮೇಲೆ ದೂರು ಕೊಟ್ಟೆ, ಈಗ ಗಡ್ಡನ ಸರದಿಯೋ ಎಂದಳು.

“ಬದುಕಿರೋರಲ್ಲಿ ನೀನು ನಂಬೋದು ಒಬ್ರನ್ನೇ ಕಣೇ, ನಿಮ್ಮ ಮೇಷ್ಟ್ರನ್ನ. ಮಿಕ್ಕಿದ್ದೆಲ್ಲಾ ಸತ್ತ ಚಿಪ್ಪು.”

ತಟ್ಟೆ ಹಾಗೇ ಬಿಟ್ಟು ಎದ್ದೆ.

ಫೆಬ್ರುವರಿ 21

ನಾನೇ ಬೆಟ್ಟದಲ್ಲಿ ಸೀಲ್ ಮಾಡಿದ್ದ ಚೀಲ ಒಡೆದೆ. ನಾನೇ ಗರಗಸ ಹಾಕಿದೆ. ಮೂರು ಚಿಪ್ಪು.

ಮೂರರಲ್ಲೂ ಕೆಸರು ಮೇಲೆ.

ಸೀಲನ್ನೂ ಬಿಚ್ಚಿ ಮತ್ತೆ ಹಾಕಿದನೇ? ಬಣ್ಣ ಉಗುರಿನಿಂದ ಕೆರೆದು ನೋಡಿದೆ, ಕೆಳಗೆ ಹಳೆಯ ಬಾಣದ ಗುರುತೇನೂ ಇಲ್ಲ. ತಲೆ ಚಿಟ್ಟು ಹಿಡಿದಿದೆ. ಗಡ್ಡನೇ ಹೀಗೆ ಮಾಡಿರಲಿ, ದೇವರೇ, ಎಂದು ಬೇಡಿಕೊಳ್ಳುತ್ತಿದ್ದೇನೆ... ಎಂಥ ಬೇಡಿಕೆ.

ಮಾರ್ಚ್ 4, ಬೆಟ್ಟದಿಂದ ಬಂದ ಮೇಲೆ

ಒಬ್ಬಳೇ ಹೋಗಿದ್ದೆ. ಒಂದನೇ ಪದರದ ಬಂಡೆಗೆ ಮುಖ ಹಚ್ಚಿ ನೋಡಿದೆ. ಇಡೀ ಚಿಪ್ಪುಗಳನ್ನಲ್ಲ, ಮುರಿದವನ್ನು. ಗಾಳಿ ಮಳೆಗೆ ತಾವಾಗಿ ಸೀಳಿದವು ಬೇಕಾದಷ್ಟಿವೆ. ಇಷ್ಟು ವರ್ಷ ಮುರಿದದ್ದನ್ನು ಕಾಲಲ್ಲಿ ಸರಿಸಿ ಇಡಿಯಾದದ್ದನ್ನು ಹುಡುಕಿದೆವು. ಹಾಗೆ ಕಲಿಸಿದ್ದರು.

ಎಲ್ಲದರಲ್ಲೂ ಕೆಸರು ಆಕಾಶದ ಕಡೆಗೆ.

ಬಂಡೆಯ ಮೇಲೆ ಬಾಣವಿಲ್ಲ, ಗಡ್ಡನಿಲ್ಲ, ಸೀಲಿಲ್ಲ. ಬೆಟ್ಟವೇ ಮಗುಚಿಕೊಂಡಿದೆ. ನೆಲ ಒತ್ತಡಕ್ಕೆ ಹಾಸಿಗೆಯ ಹಾಗೆ ಮಡಚಿಕೊಂಡಿದೆ, ನಾವು ಮಡಿಕೆಯ ಮಗುಚಿದ ಭಾಗವನ್ನು ಓದಿದ್ದೇವೆ. ಹಾಗಾದರೆ ಒಂದನೇ ಪದರ ಎಲ್ಲಕ್ಕಿಂತ ಹೊಸದು. ನನ್ನ ಚಿಪ್ಪು ವಂಶದ ಮೊದಲನೆಯದಲ್ಲ, ಕೊನೆಯ ಸಾಲಿನಲ್ಲಿ ಬಂದದ್ದು. ಮೇಷ್ಟ್ರ ಒಂಬತ್ತೂ ನಂಬರು ತಲೆಕೆಳಗು.

ಅಲ್ಲೇ ಕೂತು ಅತ್ತೆ. ಯಾರೂ ಇರಲಿಲ್ಲ, ಜೋರಾಗಿಯೇ ಅತ್ತೆ.

ಬಸ್ಸಿನಲ್ಲಿ ಬರುವಾಗ ಒಂದು ಮಾತು ತಲೆಗೆ ಹೊಕ್ಕಿತು. ಹೋಗುತ್ತಿಲ್ಲ. ಒಂದೇ ಒಂದು ಚಿಪ್ಪು ಕೊಯ್ದಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಕೊಯ್ಯಬೇಡಿ ಎಂದವರು ಯಾರು?

ಮಾರ್ಚ್ 7

ಮೇಷ್ಟ್ರ ಮನೆ. ವಯಸ್ಸಾಗಿದೆ ಅವರಿಗೆ, ಟೀ ತಟ್ಟೆಗೆಲ್ಲ ಚೆಲ್ಲಿತು. ಪೇಪರ್ ಒಪ್ಪಿದ್ದಕ್ಕೆ ನನಗಿಂತ ಅವರಿಗೇ ಹಿಗ್ಗು. ಬೆಟ್ಟದ ವಿಷಯ ಹೇಳದೆ ಟೀ ಕುಡಿದೆ.

ಮೇಜಿನ ಮೇಲೆ ಅದೇ ಪೇಪರ್‌ವೇಟ್. ಗುಂಡಗಿನ ಕಂದು ಕಲ್ಲು, ಹಸಿರು ಬಟ್ಟೆಯ ಮೇಲೆ. ನಾನು ವಿದ್ಯಾರ್ಥಿಯಾಗಿ ಬಂದ ದಿನದಿಂದ ನೋಡಿದ್ದೇನೆ. ಮುಟ್ಟಲು ಬಿಡುತ್ತಿರಲಿಲ್ಲ, ಹಿರಿಯರ ಗೀಳು ಎಂದು ನಗುತ್ತಿದ್ದೆವು. ಅವರು ಕನ್ನಡಕ ಒರೆಸುವಾಗ ಎತ್ತಿಕೊಂಡೆ.

ಕೆಳಗಿನ ಮುಖ ಕೊಯ್ದದ್ದು, ಒಳಗೆ ನಮ್ಮ ಬೆಟ್ಟದ ಚಿಪ್ಪು. ಕನ್ನಡಿಯಷ್ಟು ಹೊಳಪು. ಅರ್ಧ ಕೆಸರು, ಅರ್ಧ ಬಿಳಿ. ಪಕ್ಕದಲ್ಲಿ ಮಾಸಿದ ಕೆಂಪು ಬಾಣ, ಕೆಸರಿನ ಕಡೆಗೆ.

ತಿರುಗಿಸಿ ಅವರ ಮುಂದಿಟ್ಟೆ. ಬಾಣವನ್ನು ಬೆರಳಿನಿಂದ ಸವರಿದರು. ಆಮೇಲೆ ನನ್ನನ್ನು ನೋಡದೆ ಹೇಳಿದರು.

“ಅದನ್ನ ಕೊಯ್ದಿದ್ದು ನೀನು ಸೇರೋಕೆ ಒಂದ್ ವರ್ಷ ಮುಂಚೆ.”

ಅಂದರೆ ಗೊತ್ತಿದ್ದೂ ನನಗೆ ಪಿಎಚ್‌ಡಿಗೆ ಒಂದನೇ ಪದರ ಕೊಟ್ಟರು. ಗೊತ್ತಿದ್ದೂ ಥೀಸಿಸ್‌ಗೆ ಸಹಿ ಹಾಕಿದರು. ಪದರಗಳ ನಂಬರಿದ್ದ ಅವರ ಪುಸ್ತಕ ಆಗಲೇ ಅಚ್ಚಾಗಿತ್ತಂತೆ. ಮೊದಲು ಧೈರ್ಯ ಸಾಲಲಿಲ್ಲ, ಆಮೇಲೆ ತಡವಾಯಿತು ಎಂದರು. ಹೊರಡುವಾಗ ಕೈ ಹಿಡಿದುಕೊಂಡರು.

“ನಾನಿರೋ ತನಕ ತಡಕೊಳ್ಳಮ್ಮ. ಆಮೇಲೆ ಏನ್ ಬೇಕಾದ್ರೂ ಬರಿ.”

ಕೋಪ ಬಂತು. ಅದಕ್ಕಿಂತ ಹೆಚ್ಚಾಗಿ ಅವರ ಮೇಲೆ ಮರುಕ ಬಂತು. ಅದೇ ಹೊಟ್ಟೆ ಉರಿಸುತ್ತಿದೆ.

ಮಾರ್ಚ್ 9

ಗಡ್ಡನನ್ನು ಕರೆದು ಬೆಟ್ಟದ ವಿಷಯ ಹೇಳಿದೆ. ಕ್ಷಮಿಸು ಎಂದೂ ಹೇಳಿದೆ. ಮೇಷ್ಟ್ರ ಮನೆಗೆ ಹೋದದ್ದು ಹೇಳಲಿಲ್ಲ. ಅವನು ಹಿಗ್ಗಲೂ ಇಲ್ಲ, ಹಂಗಿಸಲೂ ಇಲ್ಲ. ನನ್ನ ಹಳೆಯ ಚಿಪ್ಪುಗಳಿರುವ ಬೀರುವಿನ ಕಡೆ ನೋಡಿ, ಥೀಸಿಸ್‌ನ ಚಿಪ್ಪುಗಳನ್ನೂ ಕೊಯ್ದು ನೋಡಿಬಿಡೋಣ್ವಾ ಎಂದು ಕೇಳಿದ.

“ಬೇಡ. ಹಾಳಾಗುತ್ತೆ.”

ನನ್ನ ಬಾಯಿಂದಲೇ ಬಂತು. ಬಂದ ಮೇಲೆ ಅದು ಯಾರ ಮಾತೆಂದು ತಿಳಿಯಿತು. ಗಡ್ಡ ನನ್ನನ್ನು ನೆಟ್ಟಗೆ ನೋಡಿದ. ಅವನ ಕಣ್ಣಲ್ಲಿ ಅನುಮಾನ. ಇಷ್ಟು ದಿನ ನಾನು ಅವನನ್ನು ನೋಡಿದ್ದು ಹೀಗೆಯೇ ಇರಬೇಕು.

ಮಾರ್ಚ್ 10, ಲ್ಯಾಬ್, ಸಂಜೆ

ಬಂದವಳೇ ಗಡ್ಡನಿಗೆ ಕೀಲಿ ಕೊಟ್ಟೆ. ಬೀರುವಿನ ಟ್ರೇಗಳನ್ನು ಇಬ್ಬರೂ ಹಿಡಿದು ಗರಗಸದ ಕೋಣೆಗೆ ಸಾಗಿಸಿದೆವು. ಮೊದಲನೆಯದು ಯಾವುದು ಎಂದ. ಥೀಸಿಸ್‌ನ ಮುಖಪುಟದಲ್ಲಿರುವ ಚಿಪ್ಪನ್ನು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ಗರಗಸಕ್ಕೆ ಬಿಗಿದ.

ಗರಗಸ ಶುರುವಾಗಿದೆ. ಗೋಡೆಯೆಲ್ಲ ಅದುರುತ್ತಿದೆ.

ಮೇಷ್ಟ್ರ ಫೋನ್ ಬಂದಿತ್ತು. ಎತ್ತಲಿಲ್ಲ. ಮತ್ತೆ ಬರುತ್ತಿದೆ.

ಜರ್ನಲ್‌ಗೆ ಬರೆಯುತ್ತಾ ಕೂತಿದ್ದೇನೆ. ಹತ್ತು ಸಲ ಅಳಿಸಿದೆ. ಬೆಟ್ಟ ಮಗುಚಿದೆ ಎಂದಷ್ಟೇ ಬರೆದರೆ ಅದು ಸುಳ್ಳಲ್ಲ. ಮೇಷ್ಟ್ರಿಗೆ ಗೊತ್ತಿತ್ತು ಎಂಬುದು ಬರದಿದ್ದರೆ ಪೂರ್ತಿ ನಿಜವೂ ಅಲ್ಲ. ಇನ್ನೊಂದು ಸಲ, ಮೊದಲಿಂದ. ನನ್ನ ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಕಾರಣ,