ಜಡ್ಜ್ ಸಾಹೇಬರ ಮೂಗು, ಅಪ್ಪನ ವಿಭೂತಿ

ಆಂಗ್ ಮೋ ಕಿಯೋ, ಸಿಂಗಪುರ
ನವೆಂಬರ್ ೨೦೧೫, ಭಾನುವಾರ

ದೊಡ್ಡ ಮೂಗಿನ ಜಡ್ಜ್ ಸಾಹೇಬರಿಗೆ ವಿದ್ಯಾಶ್ರೀಯ ಶರಣು ಶರಣಾರ್ಥಿ.

ನೀವು ತೀರಿಕೊಂಡು ನೂರು ವರ್ಷದ ಮೇಲಾಗಿರಬೇಕು. ಆದರೂ ಈ ಕಾಗದ ನಿಮಗೇ. ನಿಮ್ಮಿಂದ ನನಗಾದ ಉಪಕಾರವನ್ನು ಬೇರೆ ಯಾರಿಗೆ ಹೇಳಿದರೂ ತಮಾಷೆ ಅಂದುಕೊಳ್ಳುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನ ಯಾವುದೋ ವಾರಪತ್ರಿಕೆಯವನು ನಿಮ್ಮನ್ನು ಚಿತ್ರ ಬರೆದು ಗೇಲಿ ಮಾಡಿದ. ಕೊಡದಂಥ ತಲೆ, ಕಡ್ಡಿಯಂಥ ಕಾಲು, ತಲೆ ಮೇಲೆ ಬಿಳಿ ವಿಗ್ಗು, ನಡುವೆ ಆ ಮೂಗು! ಕೆಳಗೆ ಹೆಸರೂ ಹಾಕದೆ ಬರೀ ‘ಜಡ್ಜ್’ ಅಂತ ಬರೆದುಬಿಟ್ಟ. ಅಂಥ ಹಳೆಯ ವ್ಯಂಗ್ಯಚಿತ್ರಗಳನ್ನು ಕೈಯಿಂದಲೇ ನಕಲು ಮಾಡಿ ವಕೀಲರ ಆಫೀಸಿಗೆ, ಕ್ಲಬ್ಬಿಗೆ ಕೊಡುವ ಸ್ಟುಡಿಯೋ ಒಂದು ಕಾಕಿ ಬುಕಿತ್‌ನ ಗೋದಾಮುಗಳ ನಡುವೆ ಇದೆ ಎಂದರೆ ನಂಬುತ್ತೀರಾ? ನಮ್ಮಿಬ್ಬರ ಭೇಟಿ ಆದದ್ದು ಅಲ್ಲೇ.

ನನ್ನ ಗಂಡ ಹರ್ಷವರ್ಧನನ ಆಫೀಸು ಇಲ್ಲಿನ ಒನ್-ನಾರ್ತ್ ಎಂಬ ಬಡಾವಣೆಯಲ್ಲಿ. ಅವನ ಜೊತೆ ಬಂದು, ಎರಡು ವರ್ಷ ಮನೆಯಲ್ಲಿ ಕೂತು ಬೇಸತ್ತು, ಈ ಸ್ಟುಡಿಯೋದ ಬಾಗಿಲು ತಟ್ಟಿದೆ. ಯಜಮಾನಿ ಮಿಸೆಸ್ ಟಾನ್ ಮೂರು ಚಿತ್ರ ಕೊಟ್ಟರು. ಒಂದಾದರೂ ಮೂಲದ ಹಾಗೇ ಬಂದರೆ ಕೆಲಸ, ಇಲ್ಲದಿದ್ದರೆ ಟಾಟಾ. ನನಗೆ ಆ ಕೆಲಸ ಬೇಕೇ ಬೇಕಿತ್ತು. ಬಣ್ಣ ಹತ್ತದ ಕೈ ನನ್ನದು ಅಂತಲೇ ಅನ್ನಿಸುತ್ತಿರಲಿಲ್ಲ.

ಯಾಕೆಂದರೆ ನಾನು ಗದಗಿನ ಪೇಂಟರ್ ಬಸಲಿಂಗಪ್ಪನ ಮಗಳು. ತೀರಿಕೊಂಡ ಹಿರಿಯರ ಪಾಸ್‌ಪೋರ್ಟ್ ಫೋಟೋ ತಂದುಕೊಟ್ಟರೆ ಅದನ್ನು ನೋಡಿ ಗೋಡೆಗೆ ಹಾಕುವ ದೊಡ್ಡ ಪಟ ಬರೆದುಕೊಡುವುದು ಅಪ್ಪನ ಕಸುಬು. ಅವನ ಅಂಗಡಿಯಿಂದ ಯಾರೂ ಚೆಂದವಾಗದೆ ಹೊರಗೆ ಹೋಗಿಲ್ಲ. ಮೆಳ್ಳಗಣ್ಣು ನೆಟ್ಟಗಾಗುತ್ತಿತ್ತು, ಬೋಳು ತಲೆಗೆ ರುಮಾಲು ಬರುತ್ತಿತ್ತು, ಮೂಗಂತೂ ತಪ್ಪದೆ ಸಣ್ಣದಾಗುತ್ತಿತ್ತು. ಕಡೆಗೆ ಚಪ್ಪಟೆ ಬ್ರಷ್ಷಿನಿಂದ ಹಣೆಗೆ ಮೂರು ಗೆರೆ ವಿಭೂತಿ. ಅದಾಗದೆ ಪಟ ಮುಗಿದ ಲೆಕ್ಕವಲ್ಲ. ಗುಟ್ಟೊಂದು ಹೇಳುತ್ತೇನೆ, ಸಾಹೇಬರೇ: ಅಪ್ಪನ ಮೂಗು ನಿಮ್ಮದಕ್ಕೆ ಸಮನಾಗಿದೆ. ಆದರೆ ಅಂಗಡಿಯಲ್ಲಿ ಅವನೇ ಬರೆದು ತೂಗುಹಾಕಿದ್ದ ಅವನ ಪಟದಲ್ಲಿ ಅದು ಸಂಪಿಗೆ ಮೊಗ್ಗು! ನನಗೆ ಹಾರದ ಹೂವು, ಅಂಚಿನ ಬಳ್ಳಿ ಬರೆಯಲು ಬಿಡುತ್ತಿದ್ದ. ಮುಖ ಮುಟ್ಟಲು ಒಮ್ಮೆಯೂ ಬಿಡಲಿಲ್ಲ. ಆ ಸಿಟ್ಟು ಮದುವೆಯಾಗಿ ಬಂದ ಮೇಲೂ ನನ್ನೊಳಗೆ ಇತ್ತು.

ಮಿಸೆಸ್ ಟಾನ್ ಕೊಟ್ಟ ಮೊದಲನೆಯವನು ಕುದುರೆ ಸವಾರ, ಎರಡನೆಯವನು ಮಂತ್ರಿ. ಇಬ್ಬರನ್ನೂ ಬರೆದೆ. ಮಿಸೆಸ್ ಟಾನ್ ನೋಡಿ ಹಣೆ ಚಚ್ಚಿಕೊಂಡರು. “ವಿದ್ಯಾ ಆಹ್, ಟೂ ಹ್ಯಾಂಡ್ಸಮ್ ಲಾ! ಕಸ್ಟಮರ್ ವಾಂಟ್ ದ ನೋಸ್!” ನೋಡಿದರೆ ನನ್ನ ಕೈ ನನಗೇ ಗೊತ್ತಿಲ್ಲದೆ ಇಬ್ಬರ ಮೂಗನ್ನೂ ಕೆತ್ತಿ ಸಣ್ಣ ಮಾಡಿತ್ತು. ಸತ್ತ ಹಿರಿಯರನ್ನು ಆಡಿಕೊಂಡು ನಗುವ ಹಾಗೆ ಬರೆಯಲು ಅದಕ್ಕೆ ಬರುತ್ತಲೇ ಇರಲಿಲ್ಲ.

ಕೊನೆಗೆ ಉಳಿದವರು ನೀವು. ಹಲ್ಲು ಕಚ್ಚಿ, ಚೌಕ ಚೌಕ ಗೆರೆ ಎಳೆದುಕೊಂಡು, ನಿಮ್ಮ ಮೂಗನ್ನು ಒಂದು ಕೂದಲೆಳೆಯೂ ಬಿಡದೆ ಬರೆದೆ. ಮಿಸೆಸ್ ಟಾನ್ “ಗುಡ್, ಗುಡ್” ಎಂದು ಹೇಳಿ ಹೋದರು. ವಿಗ್ಗು ಮುಗಿಸಿದೆ, ಹಣೆಯ ಸುಕ್ಕುಗಳನ್ನೂ ಮುಗಿಸಿದೆ. ಕುಣಿಯುತ್ತಾ ಮನೆಗೆ ಬಂದು ಹರ್ಷನಿಗೆ ಫೋನಿನಲ್ಲಿ ಫೋಟೋ ತೋರಿಸಿದೆ. ಅವನು ಕಾಫಿ ಲೋಟ ಕೆಳಗಿಟ್ಟ. “ಇವ್ರು ಯಾವ ಮಠದ ಸ್ವಾಮಿಗಳು ಕಣೇ? ವಿಗ್ ಬೇರೆ ಹಾಕ್ಕೊಂಡಿದಾರೆ!”

ಫೋನು ಕಸಿದುಕೊಂಡು ನೋಡಿದೆ. ವಿಗ್ಗು ಮುಗಿಸಿದ ಅದೇ ಬಿಳಿ ಬ್ರಷ್ಷಿನಲ್ಲಿ, ಸುಕ್ಕು ಬರೆಯುತ್ತೇನೆಂದುಕೊಂಡು, ನಿಮ್ಮ ಹಣೆಗೆ ಎಡದಿಂದ ಬಲಕ್ಕೆ ಮೂರು ಗೆರೆ ವಿಭೂತಿ ಬಳಿದಿದ್ದೆ!

ಗಿರಾಕಿ ಬರುವುದು ಮರುದಿನ ಮಧ್ಯಾಹ್ನ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಒದ್ದೆ ಬ್ರಷ್ಷು ಹಿಡಿದು ನಿಂತೆ. ಎರಡು ಸಲ ಆಡಿಸಿದರೆ ಬಣ್ಣ ಎದ್ದು ಬರುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹಿರಿಯರ ಹಣೆಯ ವಿಭೂತಿ ಒರೆಸುವುದು ನನ್ನಿಂದಾಗಲಿಲ್ಲ. ಅಳುತ್ತಲೇ ಮಿಸೆಸ್ ಟಾನ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ಏರಿಸಿ ನೋಡಿದರು. “ಅಯ್ಯೋ, ಟೆಂಪಲ್ ಅಂಕಲ್!” ಎಂದು ಬಿದ್ದು ಬಿದ್ದು ನಕ್ಕರು. ಗಿರಾಕಿಗೆ ಫೋನ್ ಮಾಡಿ ಎರಡು ದಿನ ಕೇಳಿಕೊಂಡರು. ನಾನು ನಿಮ್ಮನ್ನು ಮತ್ತೆ ಬರೆದೆ, ಮೂಗು ಪೂರ್ತಿ, ಸುಕ್ಕು ಕಂದುಬಣ್ಣದಲ್ಲಿ ಸೊಟ್ಟಸೊಟ್ಟ. ಕೆಲಸ ಸಿಕ್ಕಿತು! ವಿಭೂತಿಯ ನಿಮ್ಮನ್ನು ರಟ್ಟಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

ಈ ದೀಪಾವಳಿಗೆ ನೀವೂ ನನ್ನ ಸೂಟ್‌ಕೇಸಿನಲ್ಲಿ ಗದಗಿಗೆ ಬಂದಿರಿ. ಅಪ್ಪ ನಿಮ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಯಾರಿವ್ರು?”

“ಲಂಡನ್ ಜಡ್ಜ್ ಅಪಾ.”

“ತೀರಿಕೊಂಡಾರೇನು?”

“ಎಂದೋ.”

“ಮತ್ತ ಮೂಗು ಯಾಕ ಹಂಗ ಬಿಟ್ಟಿ?”

“ಅದು ಅವ್ರದು ಅಪಾ. ನಾ ಹೆಂಗ ತಗೀಲಿ?”

ಅಪ್ಪ ನಿಮ್ಮನ್ನು ತನ್ನ ಪಟದ ಪಕ್ಕ ತೂಗುಹಾಕಿದ. ಮರುದಿನದಿಂದ ಅಂಗಡಿಗೆ ಬಂದವರೆಲ್ಲ ನಿಮಗೆ ಕೈಮುಗಿದು, ಯಾವ ಮನೆತನದ ಹಿರಿಯರು ಅಂತ ಕೇಳಿದರು. ಅಪ್ಪ ಎದೆಯುಬ್ಬಿಸಿ “ನನ್ನ ಮಗಳು ಬರದಿದ್ದು” ಅನ್ನುತ್ತಿದ್ದ. ಕೇಳಿದ್ದಕ್ಕೆ ಉತ್ತರ ಅದಲ್ಲ. ಆದರೂ ಪ್ರತಿ ಸಲ ಅದನ್ನೇ ಹೇಳಿದ, ಪ್ರತಿ ಸಲ ನಾನು ಒಳಗೊಳಗೇ ಹಿಗ್ಗಿದೆ.

ನಾನು ಹೊರಡುವ ದಿನ ಅವನು ತನ್ನ ಸಂಪಿಗೆ ಮೊಗ್ಗಿನ ಪಟವನ್ನು ಮೊಳೆಯಿಂದ ಇಳಿಸಿದ. ಸ್ಟೂಲಿನ ಮೇಲೆ ನನ್ನ ಎದುರಿಗೆ ಕೂತ. “ನಂದೊಂದು ಬರಿ, ವಿದ್ಯಾ. ಮೂಗು ಇದ್ದಷ್ಟು ಇರ್ಲಿ.”

ಅವತ್ತು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ತಂದದ್ದಕ್ಕೆ ಇಲ್ಲಿ ಬಣ್ಣ ತುಂಬಿದೆ. ಈಗಷ್ಟೇ ಮೂಗು ಮುಗಿಯಿತು, ಪೂರ್ತಿ ಮೂಗು. ಇನ್ನು ಹಣೆ ಉಳಿದಿದೆ. ಬಿಳಿ ಬಣ್ಣ ಕಲಸಿಟ್ಟಿದ್ದೇನೆ. ಈ ಸಲ ಗೊತ್ತಿದ್ದೇ ಎಳೆಯುತ್ತೇನೆ.

ಗದಗಿನ ಗೋಡೆಯ ಮೇಲೆ ನೀವು ತಣ್ಣಗಿರಿ, ಸಾಹೇಬರೇ. ಮುಂದಿನ ವಾರ ಅಂಚೆಯಲ್ಲಿ ನಿಮ್ಮ ಪಕ್ಕಕ್ಕೆ ಸರಿಜೋಡಿ ಮೂಗೊಂದು ಬರುತ್ತದೆ, ಸ್ವಲ್ಪ ಜಾಗ ಬಿಡಿ.

ನಿಮ್ಮ ಹಣೆಗೆ ಮೊದಲ ವಿಭೂತಿ ಇಟ್ಟವಳು,
ವಿದ್ಯಾಶ್ರೀ